ಕಾಪುವಿನ ಬಂಡೆಗಳೂ ಮೊಳೆಯ ಪಾದರಕ್ಷೆಯೂ

ಉಡುಪಿಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 13 ಕಿಲೋಮೀಟರು ದಕ್ಷಿಣಕ್ಕೆ ಸಾಗಿದರೆ ಕಾಪು ಎಂಬ ಊರು ದೊರೆಯುವುದು. ಮಾರಿಗುಡಿಗಳಿಂದ ಪ್ರಸಿದ್ಧವಾದ ಈ ಊರಿನ ಪೇಟೆಯನ್ನು ಬಿಟ್ಟು ಪಶ್ಚಿಮಾಭಿಮುಖವಾಗಿ ನಡೆದರೆ, ತೆಂಗಿನ ತೋಟಗಳು ಮುಗಿಯುತ್ತಲೇ ಕಡಲೂ, ಕಡಲಿನ ಅಂಚಿನಲ್ಲಿ ಹೆಬ್ಬಂಡೆಯ ಮೇಲೆ 1901ರಲ್ಲಿ ಕಟ್ಟಲ್ಪಟ್ಟ ದೀಪಸ್ತಂಭವೂ ಏಕಕಾಲದಲ್ಲಿ ಕಣ್ಣಿಗೆ ಬೀಳುವುವು. ಬಂದವರೆಲ್ಲರೂ ಕತ್ತೆತ್ತಿ ಸ್ತಂಭವನ್ನು ನೋಡುವರು. ನಾವು ಮಾತ್ರ ಕಳೆದ ಆಶ್ವಯುಜದಲ್ಲಿ ಅಲ್ಲಿಗೆ ಹೋದಾಗ ಕತ್ತು ಬಗ್ಗಿಸಿ ಜನರ ಕಾಲುಗಳನ್ನೇ ನೋಡುತ್ತಿದ್ದೆವು.

ಅದಕ್ಕೆ ಕಾರಣವಿತ್ತು. ನಮ್ಮ ಹಳೆಯ ಶಿಷ್ಯನೊಬ್ಬನು, ಈಗ ಎರಡು ಮಕ್ಕಳ ತಂದೆ, ರಜೆಯ ದಿನಗಳಲ್ಲಿ ಗಾಳ ಹಾಕುವ ಹವ್ಯಾಸಕ್ಕೆ ಬಿದ್ದಿದ್ದಾನೆ. ಅವನ ತಾಯಿಯು ನಮ್ಮನ್ನು ಕಂಡು, “ಮಾಷ್ಟ್ರೇ, ಹವಾಯಿ ಚಪ್ಪಲಿ ಹಾಕಿಕೊಂಡು ಆ ಕಲ್ಲುಗಳ ತುದಿಯಲ್ಲಿ ನಿಲ್ಲುತ್ತಾನೆ. ನನ್ನ ಮಾತು ಕೇಳುವುದಿಲ್ಲ. ನೀವಾದರೂ ಹೇಳಿ” ಎಂದು ಕಣ್ಣೀರು ತಂದುಕೊಂಡರು. ಬೇಡವೆಂದರೆ ಬಿಡುವ ವಯಸ್ಸು ಅವನದಲ್ಲ. ಆದುದರಿಂದ ಹೋಗಬೇಡವೆಂದು ಹೇಳುವ ಬದಲು, ಹೋಗುವವನು ಏನನ್ನು ಮೆಟ್ಟಿ ಹೋಗಬೇಕೆಂಬುದನ್ನು ವಿಚಾರಿಸುವುದೇ ಲೇಸೆಂದು ತೀರ್ಮಾನಿಸಿ ಅವನ ಸಂಗಡ ಹೊರಟೆವು. ಮತ್ಸ್ಯಾಹಾರವು ನಮ್ಮ ಮನೆಯ ಪದ್ಧತಿಯಲ್ಲ. ಆದರೆ ಜಾರುವ ಕಲ್ಲಿಗೆ ಮಡಿ ಮೈಲಿಗೆಗಳ ಭೇದವಿಲ್ಲವಷ್ಟೆ.

ಮಳೆಗಾಲದ ಅಂಗಳವನ್ನು ಬಲ್ಲ ಗೃಹಸ್ಥರಿಗೆ ಹಾವಸೆಯ ಸ್ವಭಾವವನ್ನು ವಿವರಿಸಬೇಕಾಗಿಲ್ಲ. ಸಂಸ್ಕೃತದಲ್ಲಿ ಶೈವಾಲವೆಂದು ಕರೆಯಲ್ಪಡುವ ಈ ವಸ್ತುವಿಗೆ ಕಡಲತೀರದಲ್ಲಿ ಅನೇಕ ರೂಪಗಳಿವೆ. ದಿನಕ್ಕೆರಡು ಬಾರಿ ಉಬ್ಬರವೂ ಎರಡು ಬಾರಿ ಇಳಿತವೂ ಆಗುವುದರಿಂದ ಬಂಡೆಯ ಮೈಮೇಲೆ ಪಟ್ಟೆಪಟ್ಟೆಯಾಗಿ ಬೇರೆಬೇರೆ ಜೀವಗಳು ನೆಲೆಸಿರುತ್ತವೆ. ಎಲ್ಲಕ್ಕಿಂತ ಮೇಲೆ ಒಣಗಿದ ಬರಿಯ ಕಲ್ಲು. ಅದರ ಕೆಳಗೆ, ತೆರೆಯ ಸಿಂಚನ ಮಾತ್ರ ತಗಲುವ ಕಡೆ, ಮಸಿ ಬಳಿದಂತೆ ತೋರುವ ಕಪ್ಪು ಪೊರೆ. ಅದು ಕಲ್ಲಿನ ಸಹಜವರ್ಣವೆಂದು ನೋಡಿದವರು ಭ್ರಮಿಸುವರು. ವಾಸ್ತವವಾಗಿ ಅದೂ ಅತಿ ಸೂಕ್ಷ್ಮವಾದ ಜೀವಿಗಳ ಹೊದಿಕೆಯೇ ಆಗಿದ್ದು, ಒದ್ದೆಯಾದ ಕ್ಷಣದಲ್ಲಿ ಎಣ್ಣೆಯಂತೆ ಜಾರುವುದು. ಇನ್ನೂ ಕೆಳಗೆ ಕೂದಲಿನಂತಹ ಹಸಿರು ಪಾಚಿ. ನಡುನಡುವೆ ಸುಣ್ಣದ ಗುಳ್ಳೆಗಳಂತೆ ಕಲ್ಲಿಗೆ ಕಚ್ಚಿಕೊಂಡ ಬಿಳಿಯ ಚಿಪ್ಪುಗಳು. ಇವು ಚೂಪಾಗಿದ್ದು ಬರಿಗಾಲನ್ನು ಸೀಳುವುವಾದರೂ ಹೆಜ್ಜೆಗೆ ಹಿಡಿತವನ್ನು ಕೊಡುತ್ತವೆ.

ಅಲ್ಲಿ ಗಾಳದ ಕೋಲು ಹಿಡಿದು ಕುಳಿತಿದ್ದ ಮೊಗವೀರ ವೃದ್ಧರೊಬ್ಬರು ಬರಿಗಾಲಿನಲ್ಲಿಯೇ ಕಲ್ಲಿನಿಂದ ಕಲ್ಲಿಗೆ ನಿರಾಯಾಸವಾಗಿ ದಾಟುತ್ತಿದ್ದರು. ಗುಟ್ಟೇನೆಂದು ಕೇಳಿದೆವು. “ಬಿಳಿ ಇದ್ದಲ್ಲಿ ಕಾಲಿಡಬೇಕು, ಹಸಿರು ಇದ್ದಲ್ಲಿ ಇಡಬಾರದು, ಕಪ್ಪು ಇದ್ದಲ್ಲಿ ನೋಡಿ ಇಡಬೇಕು ಮಾಷ್ಟ್ರೇ” ಎಂದರು. ನಾವು ಮೂವತ್ತು ವರ್ಷ ಪಾಠ ಹೇಳಿದರೂ ಇಷ್ಟು ಅಲ್ಪಾಕ್ಷರಗಳಲ್ಲಿ ಇಷ್ಟು ಅರ್ಥವನ್ನು ಅಡಗಿಸಿದ್ದು ನೆನಪಿಲ್ಲ. ಆದರೆ ಅವರ ಅಂಗಾಲು ಅರುವತ್ತು ವರ್ಷ ಆ ಕಲ್ಲಿನ ಮೇಲೆಯೇ ಹದಗೊಂಡದ್ದು. ಪೇಟೆಯ ಕಚೇರಿಯಲ್ಲಿ ವಾರವೆಲ್ಲ ಕುಳಿತಿರುವವನ ಅಂಗಾಲಿಗೆ ಆ ವಿದ್ಯೆ ಬಾರದು.

ಇನ್ನು ಪಾದರಕ್ಷೆಯ ವಿಚಾರ. ಪಾದರಕ್ಷೆಗೆ ಸಂಸ್ಕೃತದಲ್ಲಿ ‘ಉಪಾನಹ್’ ಎಂಬ ಶಬ್ದವಿದೆ. ಅದರಲ್ಲಿರುವ ಧಾತುವಿಗೆ ಕಟ್ಟುವುದು ಎಂದರ್ಥ. ಕಾಲಿಗೆ ಕಟ್ಟಲ್ಪಟ್ಟದ್ದೇ ಉಪಾನಹ್. ಈ ದೃಷ್ಟಿಯಿಂದ ಹವಾಯಿ ಚಪ್ಪಲಿಯು ಪಾದರಕ್ಷೆಯೇ ಅಲ್ಲ. ಹಿಮ್ಮಡಿಯನ್ನು ಹಿಡಿಯದ ಯಾವುದನ್ನೂ ಬಂಡೆಯ ಮೇಲೆ ಮೆಟ್ಟಕೂಡದೆಂಬುದೇ ಮೊದಲನೆಯ ನಿಯಮ.

ಎರಡನೆಯದು ತಳದ ವಿಷಯ. ಇಟಲಿಯ ಪರ್ವತಾರೋಹಿ ವಿತಾಲೆ ಬ್ರಮಾನಿ ಎಂಬವರು 1935ರಲ್ಲಿ ಆಲ್ಪ್ಸ್ ಪರ್ವತದಲ್ಲಿ ತಮ್ಮ ಆರು ಮಂದಿ ಸಂಗಡಿಗರನ್ನು ಕಳೆದುಕೊಂಡ ತರುವಾಯ, ಆವರೆಗೆ ರೂಢಿಯಲ್ಲಿದ್ದ ಮೊಳೆಯ ಬೂಟುಗಳಿಗೆ ಬದಲಾಗಿ ಉಬ್ಬುತಗ್ಗುಗಳುಳ್ಳ ರಬ್ಬರಿನ ತಳವನ್ನು ನಿರ್ಮಿಸಿ 1937ರಲ್ಲಿ ಪ್ರಚಾರಕ್ಕೆ ತಂದರು. ಒಣಗಿದ ಶಿಲೆಯ ಮೇಲೆ ಅದಕ್ಕೆ ಸಾಟಿಯಿಲ್ಲ. ಕಡಲಿನ ಬಂಡೆಯಲ್ಲಾದರೋ ರಬ್ಬರಿಗೂ ಕಲ್ಲಿಗೂ ಮಧ್ಯೆ ಹಾವಸೆಯ ಲೋಳೆಯು ಬಂದು ನಿಲ್ಲುವುದರಿಂದ ರಬ್ಬರು ಕಲ್ಲನ್ನು ಮುಟ್ಟುವುದೇ ಇಲ್ಲ. ಎಷ್ಟು ಬೆಲೆಯ ರಬ್ಬರಾದರೂ ಇಷ್ಟೇ. ಆ ಲೋಳೆಯನ್ನು ಭೇದಿಸಿ ಕಲ್ಲನ್ನು ತಲಪುವ ಸಾಧನವೊಂದು ಬೇಕು. ಪರ್ವತದಲ್ಲಿ ಹಿಂದುಳಿದ ಮೊಳೆಗೆ ಕಡಲಿನಲ್ಲಿ ಮರ್ಯಾದೆ ಉಳಿದಿರುವುದು ಈ ಕಾರಣದಿಂದ.

ಬಂಡೆಯ ಮೇಲಿನ ಗಾಳಗಾರಿಕೆಯನ್ನು ಶಾಸ್ತ್ರದಂತೆ ಬೆಳೆಸಿದವರು ಜಪಾನೀಯರು. ಹಿಂದೆ ಅವರು ತೊರೆಗಳಲ್ಲಿ ಮೀನು ಹಿಡಿಯುವಾಗ ಬತ್ತದ ಹುಲ್ಲಿನಿಂದ ಹೆಣೆದ ಪಾದುಕೆಗಳನ್ನು ಧರಿಸುತ್ತಿದ್ದರು. ಈಗ ಅವರಲ್ಲಿ ಮೂರು ಬಗೆಯ ತಳಗಳಿವೆ: ಕಂಬಳಿಯಂತೆ ಒತ್ತಿ ಮಾಡಿದ ದಪ್ಪ ಫೆಲ್ಟಿನ ತಳ, ಲೋಹದ ಮೊಳೆಯ ತಳ, ಮತ್ತು ಫೆಲ್ಟಿನಲ್ಲಿಯೇ ಮೊಳೆಗಳನ್ನು ಹುದುಗಿಸಿದ ಮಿಶ್ರತಳ. ಫೆಲ್ಟು ಒದ್ದೆಯಾದ ನುಣುಪು ಕಲ್ಲಿಗೆ ಚೆನ್ನಾಗಿ ಹೊಂದಿಕೊಳ್ಳುವುದು. ಆದರೆ ದಟ್ಟವಾದ ಹಸಿರು ಪಾಚಿಯ ಮೇಲೆಯೂ ಕೆಸರಿನಲ್ಲಿಯೂ ಸೋಲುವುದು. ಬೇಗನೆ ಸವೆಯುವುದು, ತಡವಾಗಿ ಒಣಗುವುದು. ಒದ್ದೆ ಫೆಲ್ಟಿನಲ್ಲಿ ಸೂಕ್ಷ್ಮ ಪಾಚಿಗಳು ಒಂದು ಹೊಳೆಯಿಂದ ಮತ್ತೊಂದಕ್ಕೆ ಪ್ರಯಾಣ ಮಾಡುತ್ತವೆಂದು ನ್ಯೂಜಿಲೆಂಡಿನಲ್ಲಿ 2008ರಿಂದ ಸಿಹಿನೀರಿನ ಗಾಳಗಾರರಿಗೆ ಅದನ್ನು ನಿಷೇಧಿಸಿದ್ದಾರೆ. ಮೊಳೆಯಾದರೋ ಪಾಚಿಯನ್ನು ಕಚ್ಚುವುದು. ಆದರೆ ಬರಿಯ ಗಡುಸು ಕಲ್ಲಿನ ಮೇಲೆ ಸಾಧಾರಣ ಉಕ್ಕಿನ ಮೊಳೆ ಕಿರ್ರೆಂದು ಸದ್ದುಮಾಡಿ ಜಾರುವುದುಂಟು. ಟಂಗ್‌ಸ್ಟನ್ ಕಾರ್ಬೈಡಿನ ತುದಿಯಿರುವ ಮೊಳೆಗಳು ಬೆಣಚುಕಲ್ಲಿಗಿಂತಲೂ ಗಟ್ಟಿಯಾದುದರಿಂದ ಅಲ್ಲಿಯೂ ಹಿಡಿಯುತ್ತವೆ. ಕಾಪುವಿನಂತಹ ಕಡೆ ಕಪ್ಪು ಪೊರೆ, ಹಸಿರು ಪಾಚಿ, ಬರಿಗಲ್ಲು ಮೂರನ್ನೂ ಹತ್ತು ಹೆಜ್ಜೆಯೊಳಗೆ ದಾಟಬೇಕಾಗಿರುವುದರಿಂದ ಮಿಶ್ರತಳವೇ ಯುಕ್ತವೆಂಬುದು ನಮ್ಮ ಅಭಿಪ್ರಾಯ.

ಆ ದಿನ ಬಂಡೆಯ ಮೇಲೆ ನಾವು ಕಂಡ ಕಾಲುಗಳಲ್ಲಿ ಕಾಲ್ಚೆಂಡಿನ ಬೂಟುಗಳೂ ಇದ್ದುವು. ತಳದಲ್ಲಿ ಗುಬುಟುಗಳಿವೆಯೆಂಬ ಮಾತ್ರಕ್ಕೆ ಹುಡುಗರು ಅವನ್ನು ನಂಬಿ ಬರುತ್ತಾರೆ. ಆ ಗುಬುಟುಗಳು ಮೆತ್ತನೆಯ ಮಣ್ಣಿನಲ್ಲಿ ಇಳಿಯಲೆಂದು ಮಾಡಿದ ಗಟ್ಟಿ ಪ್ಲಾಸ್ಟಿಕ್ಕಿನವು; ಕಲ್ಲಿನೊಳಗೆ ಇಳಿಯಲಾರವು, ಕಲ್ಲನ್ನು ಮುಟ್ಟುವ ಜಾಗವೂ ಅತ್ಯಲ್ಪ. ನಮ್ಮ ಕಣ್ಣೆದುರಿಗೇ ಒಬ್ಬ ತರುಣನು ಕಪ್ಪು ಪಟ್ಟೆಯ ಮೇಲೆ ಮಾರುದ್ದ ಜಾರಿ, ಪುಣ್ಯವಶಾತ್ ಬಿರುಕೊಂದರಲ್ಲಿ ಸಿಕ್ಕಿ ನಿಂತನು. ಮೊಣಕಾಲಿನ ಚರ್ಮ ಸುಲಿದಿತ್ತು. ಇನ್ನೊಂದು ಮಾರು ಜಾರಿದ್ದರೆ ಕೆಳಗೆ ತೆರೆಯಿತ್ತು. ನಮ್ಮ ಶಿಷ್ಯನು ಅಲ್ಲಿಯವರೆಗೆ ನಮ್ಮ ವಿಚಾರಣೆಯನ್ನು ಮಂದಹಾಸದಿಂದ ಸಹಿಸುತ್ತಿದ್ದವನು, ಆಮೇಲೆ ತಾನಾಗಿಯೇ, “ಸಾರ್, ಅಂಥದು ಎಲ್ಲಿ ಸಿಗುತ್ತದೆ?” ಎಂದು ಕೇಳಿದನು.

ನಮ್ಮ ಪೇಟೆಗಳ ಸಾಮಾನ್ಯ ಚಪ್ಪಲಿ ಅಂಗಡಿಗಳಲ್ಲಿ ಇದು ದೊರೆಯುವುದು ದುರ್ಲಭ. ಗಾಳದ ಸಾಮಗ್ರಿ ಮಾರುವವರಿಂದ ತರಿಸಬೇಕಾಗುವುದು. ಕೊಳ್ಳುವಾಗ ಮೊಳೆಗಳು ಹೆಬ್ಬೆರಳಿನ ಬುಡದಲ್ಲಿ ಮಾತ್ರವಲ್ಲದೆ ಹಿಮ್ಮಡಿಯ ಅಂಚಿನವರೆಗೂ ಇವೆಯೇ ಎಂದು ತಿರುವಿ ನೋಡತಕ್ಕದ್ದು, ಏಕೆಂದರೆ ಇಳಿಯುವಾಗ ಮೊದಲು ತಾಗುವುದು ಹಿಮ್ಮಡಿ. ಸವೆದ ಮೊಳೆಯನ್ನು ತೆಗೆದು ಹೊಸದನ್ನು ತಿರುಪಿ ಕೂರಿಸುವಂತಿದ್ದರೆ ಉತ್ತಮ. ಕಣಕಾಲನ್ನು ಮುಚ್ಚಬೇಕು, ಹೊಕ್ಕ ನೀರು ಹೊರಹೋಗಲು ರಂಧ್ರಗಳಿರಬೇಕು. ಮೊಣಕಾಲುದ್ದದ ರಬ್ಬರು ಬೂಟುಗಳನ್ನು ನಾವು ಒಪ್ಪುವುದಿಲ್ಲ. ನೀರು ತುಂಬಿಕೊಂಡರೆ ಅವನ್ನು ಹೊತ್ತು ಬಂಡೆಯನ್ನು ಹತ್ತುವುದು ಬಲು ಕಷ್ಟ.

ಇಷ್ಟೆಲ್ಲ ಆದರೂ ಮೊಳೆಯು ಜಾರುವಿಕೆಯನ್ನು ತಡೆದೀತೇ ಹೊರತು ತೆರೆಯನ್ನು ತಡೆಯಲಾರದು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಪ್ರಾಂತದವರು 2016ರಲ್ಲಿ ಒಂದು ಶಾಸನವನ್ನೇ ಮಾಡಿ, ಗೊತ್ತುಮಾಡಿದ ತೀರಗಳಲ್ಲಿ ಬಂಡೆಯಿಂದ ಗಾಳ ಹಾಕುವವರು ತೇಲುವ ಅಂಗಿಯನ್ನು ತೊಡಲೇಬೇಕೆಂದು ವಿಧಿಸಿದರು. ಆ ಅಂಗಿಯನ್ನೂ ನಮ್ಮ ಶಿಷ್ಯನ ಪಟ್ಟಿಯಲ್ಲಿ ಬರೆಸಿದೆವು. ಜೂನ್ ಜುಲೈ ತಿಂಗಳುಗಳಲ್ಲಿ ಯಂತ್ರದ ದೋಣಿಗಳೇ ದಡ ಸೇರಿರುವಾಗ ಬಂಡೆಯ ಹಂಗೇ ಬೇಡವೆಂದು ಒಪ್ಪಿಸಿದ್ದಾಯಿತು.

ಪಾದರಕ್ಷೆಯು ಬಂದಿದೆ. ಪ್ರತಿ ಬಾರಿಯೂ ಬಾವಿಯ ಸಿಹಿನೀರಿನಲ್ಲಿ ಉಪ್ಪು ಹೋಗುವಂತೆ ತೊಳೆದು ನೆರಳಿನಲ್ಲಿ ಒಣಗಿಸಬೇಕು, ಇಲ್ಲವಾದರೆ ಮೊಳೆ ತುಕ್ಕು ಹಿಡಿಯುವುದು. ಅದನ್ನು ಮೆಟ್ಟಿಕೊಂಡು ಹೊಳಪಿನ ನೆಲದ ಮೇಲೆ ನಡೆದರೆ ನೆಲವೂ ಗೀರುವುದು, ಮೆಟ್ಟಿದವನೂ ಜಾರುವನು. ಆದುದರಿಂದ ಅವನ ತಾಯಿಯವರು ಅದಕ್ಕೆ ಜಗಲಿಯ ಕೆಳಗೆ, ತೆಂಗಿನಕಾಯಿ ರಾಶಿಯ ಪಕ್ಕದಲ್ಲಿ, ಸ್ಥಳವನ್ನು ಗೊತ್ತುಮಾಡಿದ್ದಾರೆ.