ಬೀಗ ಹಾಕಿದ ಕೋಣೆ

ಕನ್ನಡ ಅಧ್ಯಾಪಕನಿಗೆ ಅಂಚೆಯಲ್ಲಿ ಬರುವ ಪುಸ್ತಕಗಳು ಸಾಮಾನ್ಯವಾಗಿ ಎರಡು ಬಗೆಯವು: ಮುನ್ನುಡಿ ಬೇಡಿ ಬರುವ ಕವನಸಂಕಲನಗಳು ಮತ್ತು ಪಠ್ಯವಾಗಲೆಂದು ಹಾರೈಸಿ ಬರುವ ವ್ಯಾಕರಣಗಳು. ಕಳೆದ ತಿಂಗಳು ನನಗೆ ಬಂದುದು ಇವೆರಡೂ ಅಲ್ಲ. ಈಗ ನ್ಯೂಯಾರ್ಕಿನಲ್ಲಿರುವ ನನ್ನ ಹಾಸ್ಟೆಲ್ ದಿನಗಳ ಗೆಳೆಯನೊಬ್ಬ ಇಂಗ್ಲಿಷ್ ಕಾದಂಬರಿಯೊಂದನ್ನು ಕಳುಹಿಸಿದ್ದ. ಒಳಗಿದ್ದ ಚೀಟಿಯಲ್ಲಿ ಒಂದೇ ಸಾಲು: "ಇದರ ಕಥನತಂತ್ರ ಹೇಗಿದೆ, ಮೇಷ್ಟ್ರೇ?"

ಓದಿದವರು ವಿನೋದವೆಂದು ತಿಳಿದಾರು. ನನಗೆ ಮಾತ್ರ ನಗು ಬರಲಿಲ್ಲ. ಕಾರಣವನ್ನು ಮುಂದೆ ಹೇಳುತ್ತೇನೆ.

ಕಾದಂಬರಿಯ ಹೆಸರು 'ಗೇವಿಕ್'. ವಿನ್ಸೆಂಟ್ ವಿರ್ಗಾ ಎಂಬ ಅಮೆರಿಕನ್ ಲೇಖಕರು ಬರೆದುದು, 1980ರಲ್ಲಿ ಅಚ್ಚಾದುದು. ಇಂಗ್ಲಿಷಿನಲ್ಲಿ 'ಗಾಥಿಕ್' ಎಂಬ ಒಂದು ಕಥಾಜಾತಿಯುಂಟು. 1764ರಲ್ಲಿ ಹೊರೇಸ್ ವಾಲ್ಪೋಲ್ 'ಒಟ್ರಾಂಟೋ ಕೋಟೆ'ಯ ಕಥೆಯನ್ನು ಬರೆದಂದಿನಿಂದ ಅದರ ಸಂತತಿ ಬೆಳೆಯುತ್ತಲೇ ಬಂದಿದೆ. 1847ರ 'ಜೇನ್ ಐರ್', 1938ರ 'ರೆಬೆಕ್ಕಾ' ಈ ವಂಶದ ಕೀರ್ತಿವಂತ ಹೆಣ್ಣುಮಕ್ಕಳು. ಅನಾಥೆಯಂತಹ ಹುಡುಗಿಯೊಬ್ಬಳು ದೊಡ್ಡ ಮನೆಗೆ ಬರುತ್ತಾಳೆ. ಮನೆಯ ಯಜಮಾನ ಗಂಭೀರ, ದುಃಖಿ. ಎಲ್ಲಿಯೋ ಒಂದು ಕೋಣೆಗೆ ಬೀಗ. ಯಾರೂ ಬಾಯಿಬಿಡದ ಗುಟ್ಟು. 1960ರ ದಶಕದ ಅಮೆರಿಕದ ಅಗ್ಗದ ಪ್ರತಿಗಳ ಮುಖಪುಟವಂತೂ ಒಂದೇ ಅಚ್ಚಿನದು: ಕತ್ತಲಲ್ಲಿ ಓಡುವ ಯುವತಿ, ಅವಳ ಹಿಂದೆ ಭೀಕರವಾದ ಸೌಧ, ಒಂದೇ ಒಂದು ಕಿಟಕಿಯಲ್ಲಿ ದೀಪ.

ವಿರ್ಗಾ ಈ ಸಾಮಗ್ರಿಯನ್ನೆಲ್ಲ ಹಾಗೆಯೇ ಇಟ್ಟುಕೊಂಡು ಒಂದನ್ನು ಮಾತ್ರ ಬದಲಾಯಿಸಿದರು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಲಾಂಗ್ ಐಲೆಂಡಿನ ಆ ಸೌಧಕ್ಕೆ ಬರುವವಳು ಯುವತಿಯಲ್ಲ. ಗ್ರಂಥಾಲಯವನ್ನು ಅಣಿಗೊಳಿಸಲು ನೇಮಕಗೊಂಡ ರಾಬರ್ಟ್ ವೈಟ್ ಎಂಬ ಯುವಕ. ಅವನ ಮನಸ್ಸು ಸೋಲುವುದು ಯಜಮಾನ ಡೊನೊ ಗೇಲಾರ್ಡನಿಗೆ. ಭಯವೂ ರಹಸ್ಯವೂ ಕಥೆಯಲ್ಲಿ ಬೇಕಾದಷ್ಟಿವೆ; ಆದರೆ ಅವೆಲ್ಲ ಆ ಮನೆತನದ ಹಳೆಯ ಪಾಪಗಳವು. ಇಬ್ಬರ ಒಲವು ಮಾತ್ರ ಅಲ್ಲಿ ಭೂತವಲ್ಲ, ಅದೇ ದೀಪ.

ಇಷ್ಟು ಧೀರವಾಗಿ ಬರೆಯುತ್ತಿರುವ ನಾನು ಆ ಪುಸ್ತಕಕ್ಕೆ ಮೊದಲು ಮಾಡಿದ ಸತ್ಕಾರವೆಂದರೆ ಹಳೆಯ ದಿನಪತ್ರಿಕೆಯ ಹೊದಿಕೆ ಹಾಕಿದುದು. ನಮ್ಮ ತಂದೆ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಗಣಿತದ ಪುಸ್ತಕದೊಳಗೆ ಅಡಗಿಸಿ ಓದುತ್ತಿದ್ದರಂತೆ. ಅವರಿಗೆ ತಾತನ ಬೆತ್ತದ ಭಯವಿತ್ತು. ನನಗೆ ಯಾರ ಭಯ? ಸಹೋದ್ಯೋಗಿಗಳದೇ? ಮನೆಯಾಕೆಯದೇ? ಯೋಚಿಸಿದಂತೆ ಹನ್ನೆರಡು ವರ್ಷದ ಹಿಂದಿನ ಒಂದು ಸಂಜೆ ನೆನಪಾಯಿತು.

ನಾವು ಆಗ ಎಂ.ಎ. ವಿದ್ಯಾರ್ಥಿಗಳು. ವಸುಧೇಂದ್ರರ 'ಮೋಹನಸ್ವಾಮಿ' 2013ರಲ್ಲಿ ಹೊರಬಂದಿತ್ತು. ಗೆಳೆಯ ಅದನ್ನು ನನ್ನ ಕೈಗಿತ್ತು, "ಓದಿ ನೋಡೋ. ಆಮೇಲೆ ನಿನ್ನ ಹತ್ತಿರ ಸ್ವಲ್ಪ ಮಾತಾಡಬೇಕು" ಎಂದ. ಎರಡು ದಿನದಲ್ಲಿ ಓದಿ ಮುಗಿಸಿದೆ. ಅವನು ಏನನ್ನು ಹೇಳಲಿದ್ದಾನೆಂಬುದು ನನಗೆ ತಿಳಿಯದೆ ಇರಲಿಲ್ಲ, ತಿಳಿದುದರಿಂದಲೇ ಹೆದರಿದೆ. ಮೂರನೆಯ ಸಂಜೆ ಪುಸ್ತಕವನ್ನು ಹಿಂದಿರುಗಿಸುತ್ತ, ಅವನಿಗೆ ಬಾಯಿ ತೆರೆಯಲೂ ಅವಕಾಶ ಕೊಡದೆ, ಅರ್ಧ ಗಂಟೆ ಕಥನತಂತ್ರವನ್ನು ಕುರಿತು ಉಪನ್ಯಾಸ ಮಾಡಿದೆ. ನಿರೂಪಕನ ದೃಷ್ಟಿಕೋನ, ಕಾಲದ ನಿರ್ವಹಣೆ, ಭಾಷೆಯ ಹದ. ಅವನು ಕೊನೆಯವರೆಗೂ ತಾಳ್ಮೆಯಿಂದ ಕೇಳಿ, "ಚೆನ್ನಾಗಿ ಹೇಳಿದೆ" ಎಂದು ನಕ್ಕು ಎದ್ದುಹೋದ. ಅನಂತರ ಆ ಮಾತು ನಮ್ಮ ನಡುವೆ ಬರಲಿಲ್ಲ.

ಅದೊಂದು ವಿಚಿತ್ರವಾದ ಕಾಲ. 2009ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ತೆರೆದ ಬಾಗಿಲನ್ನು 2013ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಮತ್ತೆ ಮುಚ್ಚಿತು. ಬ್ರಿಟಿಷರು 1860ರಲ್ಲಿ ಬರೆದಿಟ್ಟ 377ನೆಯ ಕಲಮಿನ ಬೀಗ, ಒಪ್ಪಿ ಒಲಿದ ವಯಸ್ಕರ ಪಾಲಿಗೆ, ಕಳಚಿದುದು 2018ರ ಸೆಪ್ಟೆಂಬರ್ 6ರಂದು. ಬೀಗ ಮಾಡಿದವರ ನಾಡಿನಲ್ಲಿಯೇ ಆಸ್ಕರ್ ವೈಲ್ಡನಿಗೆ 1895ರಲ್ಲಿ ಎರಡು ವರ್ಷದ ಕಠಿಣ ಶಿಕ್ಷೆಯಾಯಿತು. ಅವನ ಕಾದಂಬರಿಯ ಮಾತುಗಳನ್ನೇ ನ್ಯಾಯಾಲಯದಲ್ಲಿ ಅವನ ವಿರುದ್ಧ ಓದಿದರು. ಇ. ಎಂ. ಫಾರ್ಸ್ಟರ್ 1914ರಲ್ಲಿ ಬರೆದು ಮುಗಿಸಿದ 'ಮಾರಿಸ್' ಬೆಳಕು ಕಂಡುದು 1971ರಲ್ಲಿ, ಅವರು ತೀರಿಕೊಂಡ ಮರುವರ್ಷ. ಒಬ್ಬ ಮನುಷ್ಯ ತನ್ನ ಪುಸ್ತಕವನ್ನು ಐವತ್ತು ವರ್ಷಕ್ಕೂ ಹೆಚ್ಚು ಕಾಲ ಪೆಟ್ಟಿಗೆಯಲ್ಲಿಟ್ಟು ಕಾಯುವುದೆಂದರೆ ಅದಕ್ಕಿಂತ ದೊಡ್ಡ ಗಾಥಿಕ್ ಕಥೆ ಬೇರೆ ಯಾವುದಿದೆ? ಕಾನೂನಿನ ಬೀಗಕ್ಕೆ ನ್ಯಾಯಾಧೀಶರಿದ್ದಾರೆ. ಆದರೆ ಆ ಸಂಜೆ ನಾನು ಹಾಕಿದ ಬೀಗದ ಕೈ ನನ್ನ ಜೇಬಿನಲ್ಲಿಯೇ ಇತ್ತು.

ಮೊನ್ನೆ ಕಾಲೇಜಿನಿಂದ ಬರುವಾಗ ಮನೆಯಾಕೆ ಹಜಾರದಲ್ಲಿ ಕುಳಿತು 'ಗೇವಿಕ್' ಓದುತ್ತಿದ್ದಳು. ಪತ್ರಿಕೆಯ ಹೊದಿಕೆ ಕಳಚಿ ಪಕ್ಕದಲ್ಲಿ ಬಿದ್ದಿತ್ತು. ನಾನು ಕಳ್ಳನಂತೆ ನಿಂತೆ.

"ರೀ, ಇವರಿಬ್ಬರೂ ಕೊನೆಗೆ ಬದುಕಿ ಉಳೀತಾರಾ?" ಎಂದಳು.

"ಉಳಿಯುತ್ತಾರೆ. ಜೊತೆಯಲ್ಲಿಯೇ ಇರುತ್ತಾರೆ."

"ಸದ್ಯ!" ಎಂದು ಪುಟ ಮಗುಚಿದಳು. ಸ್ವಲ್ಪ ಹೊತ್ತು ಬಿಟ್ಟು, "ಇದನ್ನು ಕಳಿಸಿದವರು ನಮ್ಮ ಮದುವೆಗೆ ಬಂದಿದ್ದರಲ್ಲವೇ? ಪಾಪ, ಊಟದ ಪಂಕ್ತಿಯಲ್ಲಿ ಒಬ್ಬರೇ ಕೂತಿದ್ದರು. ಮುಂದಿನ ಸಲ ಊರಿಗೆ ಬರುವಾಗ ಜೊತೆಯವರು ಯಾರಾದರೂ ಇದ್ದರೆ ಅವರನ್ನೂ ಕರೆದುಕೊಂಡು ಬರಲಿಕ್ಕೆ ಹೇಳಿ" ಎಂದಳು.

ನಾನು ಹನ್ನೆರಡು ವರ್ಷ ಹೇಳಲಾರದೆ ಉಳಿದುದನ್ನು ಆಕೆ ಅಕ್ಕಿ ಆರಿಸುವಷ್ಟು ಸಲೀಸಾಗಿ ಹೇಳಿಬಿಟ್ಟಳು.

ಅಂದು ರಾತ್ರಿಯೇ ಗೆಳೆಯನಿಗೆ ನಾಲ್ಕು ಪುಟದ ಕಾಗದ ಬರೆದೆ. ಆ ಸಂಜೆ ನನಗೆ ಎಲ್ಲವೂ ತಿಳಿದಿತ್ತೆಂದು ಬರೆದೆ, ಕ್ಷಮಿಸೆಂದು ಬರೆದೆ, ಮನೆಯಾಕೆಯ ಮಾತನ್ನು ಆಕೆ ಹೇಳಿದಂತೆಯೇ ಬರೆದೆ. ಈ ಪ್ರಬಂಧವನ್ನು ಅಚ್ಚಿಗೆ ಕೊಡಲು ಅವನ ಒಪ್ಪಿಗೆಯನ್ನೂ ಬೇಡಿದೆ. "ಕೊಡು. ಆದರೆ ಊಟಕ್ಕೆ ಹೋಳಿಗೆ ಇರಬೇಕು, ನಾವು ಇಬ್ಬರು ಬರುತ್ತೇವೆ" ಎಂದು ಉತ್ತರ ಬಂದಿದೆ.

ಕಥನತಂತ್ರದ ವಿಷಯವಾಗಿ ನಾನು ಒಂದಕ್ಷರವನ್ನೂ ಬರೆದಿರಲಿಲ್ಲ. ಅವನೂ ಕೇಳಿಲ್ಲ.