ಓದುವವರು, ಅರ್ಥ ಹೇಳುವವರು

ದಾಂಡೇಲಿಗೆ ಅಂಟಿಕೊಂಡ ಊರಿಗೆ ಕೋಗಿಲಬನ ಎಂದು ಹೆಸರಿಟ್ಟವರು ಯಾರೋ, ಅವರ ಕಿವಿಗೆ ಕೈ ಮುಗಿಯಬೇಕು. ಸುತ್ತ ಇಷ್ಟು ಕಾಡು ಕಣ್ಣಿಗೆ ಕಾಣುತ್ತಿರುವಾಗ, ಎಲೆಮರೆಯಲ್ಲಿ ಕೂತು ಕೂಗುವ ಹಕ್ಕಿಯ ಮೇಲೆ ಊರನ್ನು ಗುರುತಿಸಿದರಲ್ಲ! ಕೋಗಿಲೆಯನ್ನು ಕಂಡವರು ಕಡಿಮೆ, ಕೇಳದವರು ಇಲ್ಲ. ಭಾಷೆಯೂ ಹಾಗೆಯೇ ಮೊದಲು ಕಿವಿಗೆ ಬೀಳಬೇಕು, ಆಮೇಲೆ ಕಣ್ಣಿಗೆ.

ಆದರೆ ಜೋಯಿಡಾ, ಹಳಿಯಾಳ, ಮುಂಡಗೋಡದ ಎಷ್ಟೋ ಮಕ್ಕಳಿಗೆ ಕನ್ನಡ ಕೇಳುವುದು, ಕನ್ನಡ ಅಕ್ಷರ ನೋಡುವುದು ಎರಡೂ ಶಾಲೆಗೆ ಕಾಲಿಟ್ಟ ಮೇಲೆಯೇ ಶುರು. ಮನೆಯಲ್ಲಿ ಕುಣಬಿಯರದೂ ಸಿದ್ದಿಗಳದೂ ಕೊಂಕಣಿ, ಗೌಳಿಗಳದು ಮರಾಠಿ. ಮುಂಡಗೋಡದ ಕ್ಯಾಂಪುಗಳಲ್ಲಿ 1966ರಿಂದ ಟಿಬೆಟಿ ಮಾತು. ಹಾಗೆ ನೋಡಿದರೆ ಕಾಗದ ಹುಟ್ಟುವ ಸೀಮೆ ಇದು. ದಾಂಡೇಲಿಯ ಕಾಗದ ಕಾರ್ಖಾನೆ 1955ರಲ್ಲಿ ಸ್ಥಾಪನೆಯಾದದ್ದು. ಈ ಕಡೆಯ ಬಿದಿರು ಎಲ್ಲೆಲ್ಲಿಯ ಪುಸ್ತಕವಾಯಿತೋ, ಗೌಳಿವಾಡದ ಎಷ್ಟೋ ಮನೆಗಳಲ್ಲಿ ಓದುವ ಹಾಳೆಯೆಂದರೆ ಇಂದಿಗೂ ಗೋಡೆಯ ಕ್ಯಾಲೆಂಡರು.

ನಮ್ಮಕ್ಕ ಈ ಭಾಗದ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಾಳೆ. ಅಲ್ಲಿಯ ಗ್ರಂಥಾಲಯವೆಂದರೆ ಒಂದು ಕಬ್ಬಿಣದ ಟ್ರಂಕು ಮತ್ತು ಗೋಡೆಯಿಂದ ಗೋಡೆಗೆ ಕಟ್ಟಿದ ದಾರ. ಒಗೆದ ಬಟ್ಟೆಯ ಹಾಗೆ ಪುಸ್ತಕಗಳು ಆ ದಾರದ ಮೇಲೆ ತೂಗುತ್ತಿರುತ್ತವೆ. ಶನಿವಾರ ಕಥೆಯ ದಿನ. ಹಿಂದಿನ ರಾತ್ರಿಯೇ ಅಕ್ಕ ನೆಟ್‌ವರ್ಕ್ ಸಿಗುವ ಕಡೆ ಹೋಗಿ ಒಂದೆರಡು ಓದಿ ಹೇಳುವ ಪುಸ್ತಕಗಳನ್ನು ಮೊಬೈಲಿಗೆ ಇಳಿಸಿಕೊಂಡಿರುತ್ತಾಳೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಇಂಥ ಕನ್ನಡ ಪುಸ್ತಕಗಳು ಪುಕ್ಕಟೆ ಸಿಗುತ್ತವೆ. ದನಿ ಓದುತ್ತಾ ಹೋದಂತೆ ಆಯಾ ಪದ ಬಣ್ಣ ತಳೆಯುತ್ತದೆ. ಟಿವಿಯ ಚಿತ್ರಗೀತೆಗೆ ಅದೇ ಭಾಷೆಯ ಸಾಲುಗಳನ್ನು ಕೆಳಗೆ ಹಾಕಿದರೆ ಹಾಡು ಕೇಳುತ್ತಲೇ ಜನರಿಗೆ ಓದು ಕೂಡಿಬರುತ್ತದೆ ಎಂದು ಅಹಮದಾಬಾದಿನ ಐಐಎಂನಲ್ಲಿ ಬ್ರಿಜ್ ಕೊಠಾರಿಯವರಿಗೆ 1996ರಲ್ಲೇ ಹೊಳೆದಿತ್ತು. ಅದೇ ತಿಳಿವು ಈಗ ಮಕ್ಕಳ ಪುಸ್ತಕದೊಳಗೆ ಬಂದಿದೆ.

ಒಂದು ಶನಿವಾರ ನಾನೂ ಹೋಗಿ ಹಿಂದೆ ಕುಳಿತೆ. ಅಕ್ಕ ಮೊಬೈಲಿಗೆ ಪುಟ್ಟ ಸ್ಪೀಕರ್ ಜೋಡಿಸಿದ್ದಳು. ಎರಡನೆಯ ತರಗತಿಯ ಹುಡುಗನೊಬ್ಬ ಬಣ್ಣ ತಳೆಯುವ ಪದದ ಕೆಳಗೆ ಬೆರಳಿಟ್ಟು ಸರಿಸತೊಡಗಿದ. ಪುಸ್ತಕ ಓದುವಾಗ ಬೆರಳು ಹಾಗೆ ಓಡಬೇಕೆಂದು ಅವನಿಗೆ ಕಲಿಸಿದ್ದೇ ಅಕ್ಕ. ಬೆರಳು ಗಾಜಿಗೆ ತಾಗಿದ್ದೇ ತಡ, ಪುಟ ಹಾರಿತು. ಅವನು ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಆ ದಿನ ಮತ್ತೆ ಅದನ್ನು ಹೊರಗೆ ತೆಗೆಯಲೇ ಇಲ್ಲ. ಮುಂದಿನ ವಾರದಿಂದ ಅಕ್ಕ, ಅಚ್ಚಾದ ಪ್ರತಿ ಇರುವ ಕಥೆಯನ್ನೇ ಆರಿಸತೊಡಗಿದಳು: ಮೊಬೈಲು ಮೇಜಿನ ಮೇಲೆ, ಪುಸ್ತಕ ತೊಡೆಯ ಮೇಲೆ. ಕಿವಿ ಅತ್ತ, ಬೆರಳು ಇತ್ತ. ಅಡಗಿದ್ದ ಕೈ ಹೊರಗೆ ಬಂತು.

ನಾನು ಹೋದ ಶನಿವಾರದ್ದೇ ಇನ್ನೊಂದು ಸಂಗತಿ. ಕಥೆಯಲ್ಲಿ ಎಮ್ಮೆಯೊಂದು ಬಂತು. ಗೌಳಿವಾಡದ ಹುಡುಗಿ ಸುಮ್ಮನೆ ನೋಡುತ್ತಿದ್ದಳು. ಅಕ್ಕ ದನಿ ನಿಲ್ಲಿಸಿ, "ಎಮ್ಮಿ ಅಂದ್ರ ನಿಮ್ಮನ್ಯಾಗ ಏನಂತಾರವಾ?" ಎಂದು ಚಿತ್ರ ತೋರಿಸಿದಳು. "ಮ್ಹೈಸ್, ಅಕ್ಕೋರ!" ಎಂದವಳೇ ಎದ್ದು ನಿಂತು, ತಮ್ಮ ಮನೆಯ ಎಮ್ಮೆ ಕಾಡಿನಿಂದ ತಿರುಗಿ ಬಾರದ ರಾತ್ರಿ ಅಪ್ಪ ಬ್ಯಾಟರಿ ಹಿಡಿದು ಹುಡುಕಿದ್ದನ್ನು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಹೇಳಿದಳು. ಐದು ನಿಮಿಷದ ಕಥೆ ಅರ್ಧ ತಾಸು ನಡೆಯಿತು. ಅಷ್ಟು ಹೊತ್ತೂ ಮೊಬೈಲು ಸುಮ್ಮನಿತ್ತು.

ನನಗೆ ನಮ್ಮಜ್ಜನ ಪಡಸಾಲೆ ನೆನಪಾಯಿತು. ಶ್ರಾವಣದ ಮಳೆಯಲ್ಲಿ ಅಲ್ಲಿ ಕುಮಾರವ್ಯಾಸನ ಭಾರತ ಓದಿಸುತ್ತಿದ್ದರು. ರಾಗವಾಗಿ ಓದುವವರು ಒಬ್ಬರು, ಅರ್ಥ ಹೇಳುವವರು ಇನ್ನೊಬ್ಬರು. ಓದುವವರದು ಗಂಟೆಯಂಥ ಕಂಠ. ಆದರೂ ಷಟ್ಪದಿ ಮುಗಿದು ಅವರು ನಿಂತಾಗ ಕಂಬಕ್ಕೆ ಒರಗಿದವರೆಲ್ಲ ಮುಂದೆ ಬಾಗುತ್ತಿದ್ದುದು ಅರ್ಥ ಹೇಳುವವರ ಕಡೆಗೆ. ಪಾಂಡವರ ವನವಾಸವನ್ನು ಅವರು ನಮ್ಮದೇ ಕಾಡಿನ ಮುಳ್ಳು, ಜಿಗಣೆ, ಹಳ್ಳದ ಸೆಳವು ಸೇರಿಸಿ ಹೇಳುತ್ತಿದ್ದರು. ಅಜ್ಜನಿಗೆ ಅಕ್ಷರ ಬರುತ್ತಿರಲಿಲ್ಲ. ಸಾಯುವವರೆಗೂ ವಿರಾಟಪರ್ವ ಬಾಯಲ್ಲಿತ್ತು.

ಮೊಬೈಲು ಒಳ್ಳೆಯ ಓದುಗಾರ. ದಣಿಯುವುದಿಲ್ಲ, ಹತ್ತು ಸಲ ಕೇಳಿದರೂ ಮುಖ ಸಿಂಡರಿಸುವುದಿಲ್ಲ. ಒಬ್ಬರೇ ಶಿಕ್ಷಕರಿರುವ ಶಾಲೆಗೆ ಅದು ದೊಡ್ಡ ಆಸರೆ. ಆದರೆ ಅರ್ಥ ಹೇಳುವವರ ಜಾಗದಲ್ಲಿ ಅದನ್ನು ಕೂರಿಸಬಾರದು. ಕಥೆ ಹಚ್ಚಿಟ್ಟು ಶಿಕ್ಷಕರು ದಾಖಲೆ ಬರೆಯಲು ಕುಳಿತರೆ ಮಕ್ಕಳು ಬಣ್ಣ ನೋಡುತ್ತಾರೆ, ಪದ ನೋಡುವುದಿಲ್ಲ. ಅದನ್ನೂ ನಾನು ಬೇರೊಂದು ಕಡೆ ಕಂಡಿದ್ದೇನೆ.

ಇನ್ನೊಂದು ಮಾತು. ಸ್ಟೋರಿವೀವರ್ ಪುಸ್ತಕಗಳ ಕನ್ನಡ ಬಹುಪಾಲು ಬೆಂಗಳೂರಿನ ಕಡೆಯದು. ತಪ್ಪೇನಲ್ಲ, ಮಕ್ಕಳು ಅದನ್ನೂ ಕಲಿಯಲಿ. ಆದರೆ ಅವು ಮುಕ್ತ ಪರವಾನಗಿಯ ಪುಸ್ತಕಗಳು. ಬರೆದವರ, ಚಿತ್ರ ಬಿಡಿಸಿದವರ ಹೆಸರು ಹೇಳಿ ಯಾರು ಬೇಕಾದರೂ ಅನುವಾದಿಸಬಹುದು, ತಮ್ಮ ದನಿಯಲ್ಲಿ ಓದಿ ಹಂಚಬಹುದು. 2020ರಲ್ಲಿ ರಾಜ್ಯ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ ಮೇಲೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲೂ ಮಕ್ಕಳಿಗೆ ಸದಸ್ಯತ್ವ ಉಚಿತವಾಗಿದೆ. ದಾಂಡೇಲಿಯೂ ಸೇರಿ ಈ ನಾಲ್ಕು ತಾಲೂಕುಗಳ ಶಿಕ್ಷಕರಲ್ಲಿ, ಗ್ರಂಥಾಲಯ ನೋಡಿಕೊಳ್ಳುವವರಲ್ಲಿ ನನ್ನದೊಂದು ಬೇಡಿಕೆ: ಮುಂದಿನ ಶನಿವಾರ ಒಬ್ಬ ಕುಣಬಿ ಅಜ್ಜಿಯನ್ನೋ, ಸಿದ್ದಿ ತಾಯಿಯನ್ನೋ, ಗೌಳಿ ಅಣ್ಣನನ್ನೋ ಶಾಲೆಗೆ ಕರೆಯಿರಿ. ಚಿತ್ರ ತೋರಿಸಿ, ಕಥೆ ತಿಳಿಸಿ. ಅವರ ಮಾತಿನಲ್ಲಿ ಅವರು ಹೇಳಲಿ, ನೀವು ಮೊಬೈಲಿನಲ್ಲಿ ಹಿಡಿದಿಡಿ. ಆ ದನಿಯನ್ನು ಮಕ್ಕಳಿಗೆ ಮೊದಲು ಕೇಳಿಸಿ, ಕನ್ನಡದ್ದನ್ನು ಅದರ ಹಿಂದೆ ಹಚ್ಚಿ.