‘ಫೀಬಲ್’ ಎಂಬ ಶಬ್ದ

ಇಂಗ್ಲಿಷಿನ ‘ಫೀಬಲ್’ ಎಂಬ ಗುಣವಾಚಕದ ಮುಂದೆ ‘ದುರ್ಬಲ’ ಎಂದು ಬರೆದುಕೊಂಡು ಮುಂದಿನ ಶಬ್ದಕ್ಕೆ ಸಾಗುವುದು ವಿದ್ಯಾರ್ಥಿಗಳಾದವರೆಲ್ಲರ ರೂಢಿ. ಆದರೆ ಶಬ್ದಗಳು ತಕ್ಕಡಿಯ ಬಟ್ಟುಗಳಲ್ಲ; ಒಂದರ ಬದಲು ಇನ್ನೊಂದನ್ನಿಟ್ಟ ಮಾತ್ರಕ್ಕೆ ತೂಕ ಸರಿಹೋಗಲಾರದು.

ನೀರು ಹೆಚ್ಚಾದ ಚಹವನ್ನು ಇಂಗ್ಲಿಷರು ‘ವೀಕ್’ ಎನ್ನುವರು, ‘ಫೀಬಲ್’ ಎನ್ನರು. ತಟ್ಟನೆ ಒಡೆಯಬಲ್ಲ ಗಾಜಿನ ಬಟ್ಟಲು ‘ಫ್ರಜೈಲ್’. ಯತ್ನವುಂಟು, ಕಸುವು ಸಾಲದು ಎಂಬಲ್ಲಿ ‘ಫೀಬಲ್’ ಚೆನ್ನಾಗಿ ಸಲ್ಲುತ್ತದೆ. ರೋಗಿಯ ಕ್ಷೀಣಸ್ವರ, ಎಣ್ಣೆ ತೀರುತ್ತಿರುವ ಹಣತೆಯ ಮಿಣುಕು ಬೆಳಕು, ಲೆಕ್ಕ ಮಾಡಿ ತರದ ಹುಡುಗನು ಹೇಳುವ ಹುರುಳಿಲ್ಲದ ನೆವ—ಇವೆಲ್ಲವೂ ‘ಫೀಬಲ್’ ಆದವುಗಳೇ. ಆ ಒಂದು ಶಬ್ದಕ್ಕೆ ನಮ್ಮ ಕನ್ನಡವು ಮೂರೆಡೆ ಮೂರು ಶಬ್ದಗಳನ್ನು ಒದಗಿಸಿತಲ್ಲವೆ?

ಇದರ ಹುಟ್ಟನ್ನು ಅರಸಿದರೆ ಹಳೆಯ ಫ್ರೆಂಚನ್ನು ದಾಟಿ ಲ್ಯಾಟಿನ್ನಿನ ‘ಫ್ಲೇಬಿಲಿಸ್’ ಸಿಗುತ್ತದೆ. ‘ಫ್ಲೇರೆ’ ಎಂದರೆ ಅಳುವುದು. ‘ಫ್ಲೇಬಿಲಿಸ್’ ಎಂದರೆ ಕಣ್ಣೀರಿಗೆ ಪಾತ್ರವಾದದ್ದು. ಹೀಗೆ ಕನಿಕರದಿಂದ ಹುಟ್ಟಿದ ಶಬ್ದವೇ ಮುಂದೆ ಕ್ರೂರವಾಯಿತು. ಬ್ರಿಟನ್ನಿನ 1913ರ ಕಾಯಿದೆಯೊಂದು ‘ಫೀಬಲ್-ಮೈಂಡೆಡ್’, ಅಂದರೆ ಮಂದಬುದ್ಧಿಯವರು, ಎಂದು ಮನುಷ್ಯರ ಒಂದು ವರ್ಗವನ್ನೇ ಮಾಡಿ, ಅವರನ್ನು ಸಂಸ್ಥೆಗಳಲ್ಲಿ ಇರಿಸಲು ಅವಕಾಶವಿತ್ತಿತು. ಅಮೆರಿಕೆಯ ವರ್ಜೀನಿಯಾದಲ್ಲಿ ಕ್ಯಾರಿ ಬಕ್ ಎಂಬ ತರುಣಿಗೆ ಇದೇ ಹೆಸರನ್ನು ಹಚ್ಚಿದರು. 1927ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟಿನ ಒಪ್ಪಿಗೆಯಿಂದ, ಆಕೆಗೆ ಮತ್ತೆ ಮಕ್ಕಳಾಗದಂತೆ ಶಸ್ತ್ರಕ್ರಿಯೆಯನ್ನೂ ಮಾಡಿದರು. ಆಕೆಯ ಬುದ್ಧಿಯಲ್ಲಿ ಅಂತಹ ಕೊರತೆಯಿರಲಿಲ್ಲವೆಂದು ಸಂಶೋಧಕರು ತೋರಿಸಿಕೊಟ್ಟದ್ದು ಬಹುಕಾಲದ ಮೇಲೆ. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ನಾನು ಮುಂಬಯಿಯಲ್ಲಿ ಕನ್ನಡ ಶಾಲೆಗೆ ಹೋಗುತ್ತಿದ್ದಾಗ, ಮನೆಗೆ ಬಂದ ಹಿರಿಯರು ‘ಕನ್ನಡ ಮಾಧ್ಯಮದ ಮಕ್ಕಳು ಇಂಗ್ಲಿಷಿನಲ್ಲಿ ವೀಕ್’ ಎನ್ನುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಅವರ ಮನಸ್ಸಿನಲ್ಲಿ ಕೇಡಿರಲಿಲ್ಲ. ಆದರೂ ಮರುದಿನ ವರ್ಗದಲ್ಲಿ ಇಂಗ್ಲಿಷ್ ಪಾಠವನ್ನು ಓದಲು ಎದ್ದು ನಿಂತಾಗ ಆ ಮಾತೇ ನನ್ನ ಗಂಟಲನ್ನು ಹಿಡಿಯುತ್ತಿತ್ತು. ಇಲ್ಲದ ದೌರ್ಬಲ್ಯವನ್ನು ಮಾತೊಂದು ತಂದಿಡಬಲ್ಲದೆಂಬುದನ್ನು ನಾನು ಅರಿತದ್ದು ಆಗಲೇ.

ಆದುದರಿಂದ, ಮಿತ್ರರೇ, ಗುಣವಾಚಕವೊಂದನ್ನು ಕಲಿಯುವಾಗ ಅದು ಯಾವ ನಾಮಪದದ ಮುಂದೆ ನಿಂತಿದೆಯೆಂಬುದನ್ನೂ ನೋಡಿರಿ. ದನಿ ‘ಫೀಬಲ್’ ಇರಬಹುದು. ಅದು ನಾಳೆ ಗಟ್ಟಿಯಾದೀತು. ನೆವ ‘ಫೀಬಲ್’ ಇರಬಹುದು. ಅದನ್ನು ಬಿಟ್ಟು ಲೆಕ್ಕ ಮಾಡಿದರಾಯಿತು. ಆದರೆ ನಿಮ್ಮ ಬೆಂಚಿನ ಗೆಳೆಯನ ಹೆಸರಿನ ಮುಂದೆ ಅಂತಹ ಶಬ್ದವನ್ನಿಡಬೇಡಿರಿ. ನಿಮ್ಮ ಹೆಸರಿನ ಮುಂದೆ ಇತರರು ಇಡಬಂದರೆ ಒಪ್ಪಲೂ ಬೇಡಿರಿ.